ಹದಿಮೂರು ಗಂಟೆ ನಲವತ್ತು ನಿಮಿಷದ ಅಳಿಯ

ಎಲ್ಲ ತಾಪತ್ರಯಕ್ಕೂ ಮೂಲ ಕರೀಮನ ಹೆಬ್ಬೆರಳು. ಹೋದ ಶುಕ್ರವಾರ ನಮಾಜು ಮುಗಿಸಿ ಬಂದವನು, ಬೆಂಗಳೂರಿನಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಒತ್ತಿದ. ಮೊಬೈಲು ಉಸಿರು ಬಿಡುವಷ್ಟೂ ಯೋಚನೆ ಮಾಡದೆ ಉತ್ತರ ಕೊಟ್ಟಿತು: ಹನ್ನೊಂದು ಸಾವಿರದ ಐನೂರು ಕಿಲೋಮೀಟರು, ಹದಿಮೂರು ಗಂಟೆ ನಲವತ್ತು ನಿಮಿಷ. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೂ ನಾಲ್ಕು ಸಾಲು ಇತ್ತು. ಕನ್ನಡಕ ಕೈಗೆ ಸಿಗದ ಕಾರಣ ಕರೀಂ ಅದನ್ನು ಓದಲಿಲ್ಲ. ಓದಿದ್ದರೆ ಅವನ ಗುರುವಾರ ಬೇರೆ ಗುರುವಾರಗಳಂತೆಯೇ ಕಳೆದುಹೋಗುತ್ತಿತ್ತು.

ಕರೀಂ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವನು. ಮನೆಯ ಹಿತ್ತಿಲಲ್ಲೇ ಸಣ್ಣ ಫಿಲೇಚರು, ಆರು ಜನ ಕೆಲಸದವರು. ರೀಲು ಸುತ್ತುವುದು ಅವನ ಕಸುಬು. ರೀಲು ಬಿಡುವುದು ಅವನ ಸುತ್ತಲಿನವರ ಕಸುಬು. ಐವತ್ತೆರಡು ವರ್ಷದಲ್ಲಿ ಅವನು ಯಾರಿಗೂ ಇಲ್ಲ ಎಂದವನಲ್ಲ, ಯಾರೂ ಅವನಿಗೆ ಹೂಂ ಎಂದವರಲ್ಲ.

ಅಂಥವನಿಗೆ ಒಬ್ಬಳೇ ಮಗಳು ನೂರೀನ್. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಬಂದ ಗಂಡುಗಳನ್ನೆಲ್ಲ ಅವಳು ಕೆಟ್ಟ ಗೂಡು ಆರಿಸಿ ಪಕ್ಕಕ್ಕೆ ಎಸೆಯುವಷ್ಟು ಸಲೀಸಾಗಿ ಎಸೆದಿದ್ದಳು. ಕನಕಪುರದವನು ಮಾತು ಜಾಸ್ತಿ. ಮಾಗಡಿಯವನು ಮಾತೇ ಇಲ್ಲ. ಹಿಂದಿನ ಬೀದಿಯವನದು ಮಾತೇನೋ ಹದವಾಗಿತ್ತು, ಆದರೆ ಅವನು ಹಿಂದಿನ ಬೀದಿಯವನು. ಇಂಥ ಐದು ಗಂಡುಗಳಾದ ಮೇಲೆ ಆರನೆಯವನಾಗಿ ಬಂದವನು ಅದ್ನಾನ್. ಚನ್ನಪಟ್ಟಣದಲ್ಲಿ ಬಣ್ಣದ ಬೊಂಬೆ ಮಾಡುವ ಮುಷರಫನ ಮಗ. ನ್ಯೂಜಿಲೆಂಡಿನ ದಕ್ಷಿಣದ ತುದಿಯ ಯಾವುದೋ ಊರಿನ ಮಾಂಸದ ಫ್ಯಾಕ್ಟರಿಯಲ್ಲಿ ಹಲಾಲ್ ಮಾಡುವ ಕೆಲಸ. ಅಪ್ಪ ಕಡೆಯುವುದು ಮರ, ಮಗ ಕಡಿಯುವುದು ಕುರಿ. ವಿಡಿಯೋ ಕಾಲಿನಲ್ಲಿ ಎರಡು ಸಲ ಮಾತಾಡಿದ ನೂರೀನ್ ರೂಮಿನಿಂದ ಹೊರಗೆ ಬಂದು ಹೂಂ ಎಂದಳು. ಎರಡು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಹೂಂ. ಕರೀಂ ಆ ಹೂಂ ಅನ್ನು ಮೊಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಇದು ಒಡೆದರೆ ಇನ್ನೊಂದು ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಉಳಿದದ್ದು ಅವನ ತಾಯಿ ಮುನವ್ವರಾ ಬೀಯ ಹೂಂ. ನೂರೀನಳ ತಾಯಿ ತೀರಿಕೊಂಡಾಗ ಕೂಸಿಗೆ ನಾಲ್ಕು ವರ್ಷ. ಅಲ್ಲಿಂದ ಸಾಕಿದವರು ಈ ಅಜ್ಜಿ. ಹೊಂಗನೂರಿನಲ್ಲಿ ದನದ ದಳ್ಳಾಳಿಯ ಮಗಳಾಗಿ ಬೆಳೆದವರು. ಅವರ ನಮಾಜು ಅರಬ್ಬಿಯಲ್ಲಿ, ಮಾತು ಉರ್ದುವಿನಲ್ಲಿ, ಜಗಳ ಮಾತ್ರ ಹೊಂಗನೂರಿನ ಕನ್ನಡದಲ್ಲಿ. ಮೊಮ್ಮಗಳ ಮದುವೆಗೆ ಅವರದು ಒಂದೇ ಶರತ್ತು. ತಾವು ಸತ್ತರೆ ಮಣ್ಣಿಗೆ ಎತ್ತುವ ಮುಂಚೆ ನೂರೀನ್ ಬಂದು ಮುಟ್ಟಬೇಕು; ಮಯ್ಯತ್ತಿಗೆ ಸ್ನಾನ ಮಾಡಿಸುವಾಗ ಒಂದು ಚೊಂಬು ನೀರು ಅವಳ ಕೈಯಿಂದ ಬೀಳಬೇಕು. ಅವರಲ್ಲಿ ಸತ್ತವರನ್ನು ಇಟ್ಟುಕೊಂಡು ಕೂರುವ ಪದ್ಧತಿಯಿಲ್ಲ. ಕರೀಮನ ತಂದೆ ಹೋದಾಗ, ಮಸ್ಕತ್ತಿನಲ್ಲಿದ್ದ ಹಿರಿಯ ಮಗ ಬಂದು ತಲುಪುವಷ್ಟರಲ್ಲಿ ಮಣ್ಣು ಮುಚ್ಚಿ ಮೂರು ಗಂಟೆಯಾಗಿತ್ತು. ಅವನು ಆ ಹಸಿ ಮಣ್ಣಿನ ಮೇಲೆ ಅಂಗೈ ಊರಿಕೊಂಡು ಸುಮ್ಮನೆ ಕೂತಿದ್ದನಂತೆ. ಯಾರೋ ಬಂದು ಹೇಳಿದ ಆ ಸಂಗತಿಯನ್ನು ಮುನವ್ವರಾ ಬೀ ಮತ್ತೆ ಯಾರ ಹತ್ತಿರವೂ ಆಡಲಿಲ್ಲ, ಮರೆಯಲೂ ಇಲ್ಲ.

ಆದ್ದರಿಂದ ಶುಕ್ರವಾರ ಮಗ ಗಂಟೆ, ನಿಮಿಷ ಹೇಳಿದಾಗ ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು.

“ಬೆಳಗಿನ್ ಫಜರ್‌ಗೆ ನಾನ್ ಓಗ್ಬುಟ್ರೆ, ರಾತ್ರಿ ಇಶಾ ಆದ್ಮೇಲೆ ಎತ್ತಬೌದು. ಹದಿನಾಲ್ಕು ಗಂಟೆ ಸಿಕ್ತದೆ. ಇನ್ನೂ ಇಪ್ಪತ್ತು ನಿಮಿಷ ಉಳಿತದೆ. ಸರಿ, ಮಾತು ಕೊಟ್ಬುಡು.”

ಅವರು ಫಜರಿಗೇ ಹೋಗುವುದೆಂದು ಯಾರು ಹೇಳಿದ್ದು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗುರುವಾರ ಸಂಜೆ ಚನ್ನಪಟ್ಟಣದವರು ಬಂದು ಮಾತು ಪಕ್ಕಾ ಮಾಡಿಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಕರೀಂ ಗೂಡಿನ ಮಾರ್ಕೆಟಿಗೆ ಹೋದ. ಖುಷಿಯಲ್ಲಿದ್ದ ಮನುಷ್ಯ ಸುಮ್ಮನಿರಬೇಕು. ಅವನು ಸುಮ್ಮನಿರಲಿಲ್ಲ. ಗೂಡು ತಂದಿದ್ದ ಹೊಂಗನೂರಿನ ಚನ್ನಯ್ಯನ ಪಕ್ಕ ನಿಂತು ಅಳಿಯನ ಊರಿನ ದೂರ, ಹೊತ್ತು ಎಲ್ಲ ಹೇಳಿಕೊಂಡ. ಚನ್ನಯ್ಯ ರೇಷ್ಮೆ ಬೆಳೆಯುವವನು, ನಲವತ್ತು ಕುರಿ ಸಾಕಿದವನು, ಮುನವ್ವರಾ ಬೀಗೆ ತವರೂರಿನ ಲೆಕ್ಕದಲ್ಲಿ ತಮ್ಮ. ಅವನು ಅಲ್ಲಿಯ ಕುರಿಗಳ ಬಗ್ಗೆ ಒಂದಷ್ಟು ವಿಚಾರಿಸಿಕೊಂಡು, ಆಮೇಲೆ ಬೀಡಿ ಹಚ್ಚಿ, ಮಧ್ಯದಲ್ಲಿ ಎಲ್ಲೆಲ್ಲಿ ನಿಲ್ಲಿಸುತ್ತಾರೆ ಎಂದ. ಎಲ್ಲೂ ಇಲ್ಲ ಎಂದ ಕರೀಂ.

“ಹೊಂಗನೂರಿಂದ ಚನ್ನಪಟ್ನಕ್ ಬರೋ ಬಸ್ಸೇ ಆರ್ ಕಡೆ ನಿಲ್ತದೆ ಕಣ್ಲಾ. ಹನ್ನೊಂದ್ ಸಾವ್ರ ಕಿಲೋಮೀಟ್ರು ಓಗೋದು, ಒಂದ್ ಕಡೇನೂ ನಿಲ್ಸಾಕಿಲ್ಲ ಅಂದ್ರೆ ಡ್ರೈವರ್‌ಗೆ ಟೀ ಬ್ಯಾಡ್ವಾ?”

ಮೂರ್ಖ ಪ್ರಶ್ನೆಗಳ ತೊಂದರೆಯೇ ಇದು. ಅವು ಕಾಲಿಗೆ ಚುಚ್ಚಿದ ಜಾಲಿಮುಳ್ಳಿನಂತೆ ಕೂತಲ್ಲಿ ಕೂರಲು ಬಿಡುವುದಿಲ್ಲ. ಮೊಬೈಲಿನಲ್ಲಿ ಹರಾಜು ಶುರುವಾದರೂ ಕರೀಂ ಒಂದು ಲಾಟಿಗೂ ಬಿಡ್ ಹಾಕದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಚನ್ನಯ್ಯ ತನ್ನ ಗೂಡನ್ನು ಅದರ ಪಾಡಿಗೆ ಬಿಟ್ಟು ಹಿಂದೆ ಬಂದ.

ಬಸ್‌ಸ್ಟ್ಯಾಂಡಿನ ಎದುರು ಶ್ರೀನಿವಾಸನ ಟಿಕೆಟ್ ಅಂಗಡಿ. ಉಮ್ರಾಕ್ಕೆ ಹೋಗುವವರು, ಗಲ್ಫಿಗೆ ಹೋಗುವವರು ಎಲ್ಲ ಅವನ ಕೈಯಲ್ಲೇ ಹಾರಬೇಕು. ಅವನು ಮಾತ್ರ ಇದುವರೆಗೆ ವಿಮಾನ ಹತ್ತಿದವನಲ್ಲ. ಆದರೆ ಮೂಗು ಹಿಡಿದುಕೊಂಡು ಏರ್‌ಪೋರ್ಟಿನ ಅನೌನ್ಸ್‌ಮೆಂಟು ಮಾಡಿದರೆ, ಬಸ್ಸು ಕಾಯುತ್ತ ಕೂತವರು ಕೂಡ ಎದ್ದು ಚೀಲ ಕೈಗೆತ್ತಿಕೊಳ್ಳಬೇಕು, ಹಾಗೆ ಮಾಡುತ್ತಿದ್ದ. ಅವನು ಕರೀಮನ ಮೊಬೈಲು ತೆಗೆದುಕೊಂಡು, ಸಾಸಿವೆ ಅಕ್ಷರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕಡಲೆಕಾಯಿಯಷ್ಟು ಮಾಡಿ ತೋರಿಸಿದ. ಇದು ಭೂಪಟದ ಮೇಲೆ ನೆಟ್ಟಗೆ ಗೆರೆ ಎಳೆದು ಹಾಕಿದ ಲೆಕ್ಕ, ಈ ದಾರಿಯಲ್ಲಿ ನೇರ ವಿಮಾನ ಇಲ್ಲ ಎಂದು ಅದರಲ್ಲಿ ಬರೆದಿತ್ತು.

ಒಂದು ಗೂಡಿನಲ್ಲಿ ಸಾವಿರ ಮೀಟರು ಎಳೆ ಇರುತ್ತದೆ ಎಂದು ಪುಸ್ತಕ ಹೇಳುತ್ತದೆ. ಬಿಸಿನೀರಿನಲ್ಲಿ ಅದು ಎಷ್ಟು ಸಲ ಕಡಿದು, ಎಷ್ಟು ಸಲ ಗಂಟಾಗಿ, ಎಷ್ಟು ವೇಸ್ಟಾಗಿ ಕೊನೆಗೆ ರಾಟೆಗೆ ಎಷ್ಟು ಬರುತ್ತದೆ ಎಂಬುದು ನೂಲು ತೆಗೆಯುವವನಿಗೆ ಮಾತ್ರ ಗೊತ್ತು. ಮೂವತ್ತು ವರ್ಷ ಎಳೆ ಕಡಿಯುವುದನ್ನೇ ನೋಡಿಕೊಂಡು ಬಂದ ಕರೀಂ, ಆಕಾಶದಲ್ಲಿ ಮಾತ್ರ ಎಳೆ ಕಡಿಯುವುದಿಲ್ಲ ಎಂದು ನಂಬಿಬಿಟ್ಟಿದ್ದ.

ಶ್ರೀನಿವಾಸ ಕಂಪ್ಯೂಟರು ಕುಟ್ಟುತ್ತ ಒಂದೊಂದೇ ತುಂಡನ್ನು ಪೋಣಿಸಿದ. ಫ್ಯಾಕ್ಟರಿಯಿಂದ ಅಲ್ಲಿಯ ಚಿಕ್ಕ ಏರ್‌ಪೋರ್ಟಿಗೆ ಕಾರಿನಲ್ಲಿ ಒಂದೂವರೆ ಗಂಟೆ. ಅಲ್ಲಿಂದ ಆಕ್ಲೆಂಡಿಗೆ ಎರಡು. ಆಕ್ಲೆಂಡಿನಲ್ಲಿ ಕಾಯುವುದು ಮೂರು. ಸಿಂಗಪುರಕ್ಕೆ ಹತ್ತೂವರೆ. ಅಲ್ಲಿ ಕಾಯುವುದು ನಾಲ್ಕು. ಬೆಂಗಳೂರಿಗೆ ನಾಲ್ಕೂವರೆ. ಪ್ರತಿ ತುಂಡಿಗೂ ಮೂಗು ಹಿಡಿದು ಆಯಾ ದೇಶದ ಹೆಂಗಸಿನ ದನಿಯಲ್ಲಿ ಪ್ರಯಾಣಿಕರನ್ನು ಸ್ವಾಗತಿಸಿದ. ದೇವನಹಳ್ಳಿಯಲ್ಲಿ ಇಳಿದು ಪಾಸ್‌ಪೋರ್ಟು, ಸೂಟ್‌ಕೇಸು ಎಂದು ಒಂದು ಗಂಟೆ. ಕೊನೆಗೆ ಮೂಗು ಬಿಟ್ಟು, ಬೆಂಗಳೂರಿನ ಆಟೋದವನ ದನಿಯಲ್ಲಿ, ದೇವನಹಳ್ಳಿಯಿಂದ ರಾಮನಗರಕ್ಕೆ ಮೂರು ಗಂಟೆ ಎಂದ.

ಒಟ್ಟು ಇಪ್ಪತ್ತೊಂಬತ್ತೂವರೆ.

ಕರೀಂ ಬೆಂಚಿನ ಮೇಲೆ ಕೂತ. ಈ ಲೆಕ್ಕ ಮೂವರ ಮಧ್ಯೆಯೇ ಇರಲಿ, ಸಂಜೆ ಮಾತು ಪಕ್ಕಾ ಆಗುವ ತನಕ ಅಮ್ಮನ ಕಿವಿಗೆ ಬೀಳಬಾರದು ಎಂದು ಇಬ್ಬರ ಕೈಯನ್ನೂ ಹಿಡಿದು ಕೇಳಿಕೊಂಡ. ಶ್ರೀನಿವಾಸ ತಾಯಿಯಾಣೆ ಇಟ್ಟ. ಚನ್ನಯ್ಯ ತನ್ನ ಕುರಿಗಳ ಮೇಲೆ ಆಣೆ ಇಟ್ಟು, ಅಕ್ಕನಿಗೆ ಒಸಿ ಸೊಪ್ಪು ಕೊಟ್ಟು ಊರಿಗೆ ಹೋಗುತ್ತೇನೆಂದು ಎದ್ದ.

ಕರೀಂ ಒಂದು ಟೀ ಕುಡಿದು ಮನೆ ಸೇರಿದಾಗ ಹಿತ್ತಿಲಲ್ಲಿ ಸಭೆ ಸೇರಿತ್ತು. ಗೂಡು ಬಾರದೆ ಖಾಲಿ ಕೂತಿದ್ದ ಆರು ಕೆಲಸದವರು, ಪಕ್ಕದ ಮನೆಯ ನಿಖಾತ್, ಅವಳ ಅತ್ತೆ, ಎದುರು ಮನೆಯವರು, ಮೂಲೆಯಲ್ಲಿ ಸೊಪ್ಪಿನ ಕಂತೆ ಹಿಡಿದು ನೆಲ ನೋಡುತ್ತಿದ್ದ ಚನ್ನಯ್ಯ. ನಡುವೆ ಮಂಚದ ಮೇಲೆ ಮುನವ್ವರಾ ಬೀ. ನೂರೀನ್ ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಚಾ ಕೊಡುತ್ತಿದ್ದಳು.

“ಇಪ್ಪತ್ತೊಂಬತ್ತೂವರೆ ಅಂತಲ್ಲೋ ಕರೀಮ,” ಎಂದರು ಮುನವ್ವರಾ ಬೀ. “ನನ್ನ ಏನ್ ಉಪ್ಪಿನ್‌ಕಾಯಿ ಆಕಿ ಇಡ್ತೀಯಾ?”

ಕೊಟ್ಟ ಹೂಂ ವಾಪಸು ಬಂದಿತ್ತು. ಸಂಜೆ ಬರುವವರಿಗೆ ಫೋನು ಮಾಡಿ ಬರಬೇಡಿ ಎಂದು ಹೇಳಿಬಿಡು ಎಂದರು. ಕರೀಂ ಮಗಳ ಕಡೆ ನೋಡಿದ. ಅವಳು ಟ್ರೇಯಲ್ಲಿದ್ದ ಕಪ್ಪುಗಳನ್ನು ಎಣಿಸುತ್ತಿದ್ದಳು. ಹೇಗಾದರೂ ಮಾಡಿ ಗಂಟೆ ಇಳಿಸಬೇಕು ಎಂದು ಅವನು ತೀರ್ಮಾನ ಮಾಡಿದ. ಅವನು ಬಾಯಿ ತೆರೆಯುವುದರೊಳಗೆ ಸುತ್ತ ಇದ್ದವರೆಲ್ಲ ಅದೇ ತೀರ್ಮಾನ ಮಾಡಿಯಾಗಿತ್ತು.

ಮೊದಲು ಎದ್ದವಳು ನಿಖಾತ್. ಅವಳ ಗಂಡ ಮಸೀದಿ ಕಮಿಟಿಯಲ್ಲಿದ್ದ. ಹೊಸದಾಗಿ ಐಸ್ ಪೆಟ್ಟಿಗೆ ತರಿಸಿದ್ದರು, ಎರಡು ದಿನ ಇಟ್ಟರೂ ಏನೂ ಆಗುವುದಿಲ್ಲ, ಮುನವ್ವರಾ ಖಾಲಾಗೆ ಬೇಕೆಂದರೆ ಈಗಲೇ ಹೇಳಿಡಬಹುದು ಎಂದು ಬಹಳ ಪ್ರೀತಿಯಿಂದ ಹೇಳಿದಳು. ಕುರಿ ಕೊಯ್ದು ಐಸಿನಲ್ಲಿ ಇಡುವುದು ಆ ಹುಡುಗನ ಫ್ಯಾಕ್ಟರಿಯ ವ್ಯವಹಾರ, ಅದನ್ನು ತನ್ನ ಹತ್ತಿರ ತರಬೇಡ ಎಂದರು ಮುನವ್ವರಾ ಬೀ. ನಿಖಾತ್ ಕೂತಳು.

ಕೆಲಸದವರಲ್ಲಿ ಒಬ್ಬ, ಮೈ ಹುಷಾರಿಲ್ಲ ಎನ್ನುವಾಗಲೇ ಫೋನು ಮಾಡಿ ಮೊಮ್ಮಗಳನ್ನು ಕರೆಸಿಕೊಂಡರೆ ಗಂಟೆಯ ಗೊಡವೆಯೇ ಇಲ್ಲವಲ್ಲ ಎಂದ. ತಾನೇನು ಬಸ್ಸೇ, ಹಾರನ್ ಹೊಡೆದು ಹೊರಡುವುದಕ್ಕೆ ಎಂದು ಕೇಳಿದರು ಮುನವ್ವರಾ ಬೀ. ಅವನೂ ಕೂತ.

ಆಣೆ ಮುರಿದ ತಪ್ಪಿಗೆ ಏನಾದರೂ ಮಾಡಲೇಬೇಕೆಂದು ಚನ್ನಯ್ಯ ಮುಂದೆ ಬಂದ. ಅಂಗಡಿಯಿಂದ ಹೊರಡುವಾಗ ಶ್ರೀನಿವಾಸ ಅವನ ಕಿವಿಗೆ ಒಂದು ವಿಷಯ ಹಾಕಿದ್ದ. ಆ ದೇಶದಲ್ಲಿ ಗಡಿಯಾರ ನಮ್ಮದಕ್ಕಿಂತ ಆರೂವರೆ ಗಂಟೆ ಮುಂದೆ ಓಡುತ್ತದೆ. ನೂರೀನ್ ಅಲ್ಲಿ ಮಧ್ಯಾಹ್ನ ಹೊರಟರೆ ಇಲ್ಲಿ ಇನ್ನೂ ಬೆಳಗಿನ ಜಾವ.

“ಅಂದ್ರೆ ಆರೂವರೆ ಗಂಟೆ ಪುಕ್ಸಟ್ಟೆ ಸಿಕ್ತದೆ ಅಕ್ಕ. ಅದ್ನ ಕಳೀಬೇಕು. ಇಪ್ಪತ್ಮೂರಕ್ ಬಂತು.”

ಸಭೆಗೆ ಇದು ಬಹಳ ಹಿಡಿಸಿತು. ದೇವರು ಕೊಟ್ಟ ಆರೂವರೆ ಗಂಟೆಯನ್ನು ಬೇಡ ಎನ್ನಬಾರದು ಎಂದು ನಾಲ್ಕೈದು ಜನ ಹೇಳಿದರು. ಮುನವ್ವರಾ ಬೀ ತಸ್ಬಿಯ ಮಣಿಗಳನ್ನು ಉರುಳಿಸುತ್ತ ಯೋಚಿಸಿದರು.

“ಆ ಆರೂವರೆ ಗಂಟೆ ಅವ್ಳ್ ಗಡಿಯಾರಕ್ ಸಿಕ್ತದೆ ಸರಿ. ನನ್ ಮಯ್ಯತ್‌ಗೂ ಸಿಕ್ತದೇನೋ ಚನ್ನಯ್ಯ?”

ಚನ್ನಯ್ಯ ತಲೆ ಕೆರೆದುಕೊಂಡು, ಲೆಕ್ಕದಲ್ಲಿ ಆಗದ್ದು ವ್ಯಾಪಾರದಲ್ಲಿ ಆಗುತ್ತದೆ ಎಂದು, ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿದ. ದನದ ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸಿಕೊಳ್ಳುತ್ತಾರೆ. ಹಿಡಿದಷ್ಟು ಬೆರಳು ಬೆಲೆ. ದಳ್ಳಾಳಿಯ ಮಗಳು ಮುನವ್ವರಾ ಬೀಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟವೆಲ್ಲು ಕಂಡದ್ದೇ ಅವರ ಬೆನ್ನು ನೆಟ್ಟಗಾಯಿತು, ಕಣ್ಣಿನಲ್ಲಿ ಐವತ್ತು ವರ್ಷ ಕಮ್ಮಿಯಾಯಿತು.

ತಾಯಿ, ಮಗ ಎದುರುಬದುರು ಕೂತರು. ಕೈಗಳ ಮೇಲೆ ಟವೆಲ್ಲು ಬಿತ್ತು. ಹದಿನಾಲ್ಕರ ಮೇಲೆ ಎಷ್ಟು ಬೆರಳೋ ಅಷ್ಟು ಗಂಟೆ. ಕರೀಂ ಎರಡೂ ಕೈಯ ಹತ್ತು ಬೆರಳನ್ನೂ ಒಟ್ಟಿಗೆ ಹಿಡಿದಿರಬೇಕು. ಮುನವ್ವರಾ ಬೀ ಹಲಸಿನ ಹಣ್ಣಿನ ಮೇಲೆ ಕೂತವರಂತೆ ಮುಖ ಮಾಡಿ ಕೈ ಕೊಡವಿದರು. ಆಮೇಲೆ ಅವರು ಹಿಡಿದರು, ಅವನು ಆಗದೆಂದು ತಲೆಯಾಡಿಸಿದ. ಸಭೆ ಇಬ್ಬರ ಹುಬ್ಬುಗಳನ್ನೇ ನೋಡುತ್ತಿತ್ತು. ಎಷ್ಟೋ ವರ್ಷದಿಂದ ತಾಯಿಯ ಕೈ ಹಿಡಿಯದಿದ್ದ ಕರೀಮನಿಗೆ, ಆ ಬೆರಳುಗಳು ಎಷ್ಟು ತೆಳ್ಳಗಾಗಿವೆ ಎಂದು ಟವೆಲ್ಲಿನ ಮರೆಯಲ್ಲೇ ಗೊತ್ತಾಯಿತು. ಅವನ ಹಿಡಿತ ಸಡಿಲವಾಯಿತು. ಬಹುಶಃ ಅದಕ್ಕೇ ಅವರು ಇನ್ನೊಂದು ಬೆರಳು ಬಿಟ್ಟುಕೊಟ್ಟರು.

ಚನ್ನಯ್ಯ ಟವೆಲ್ಲು ಎತ್ತಿ ಇಪ್ಪತ್ಮೂರು ಎಂದು ಸಾರಿದ. ಸಂಜೆ ಮಗ್ರಿಬ್ ಹೊತ್ತಿಗೆ ಹೋದರೆ ಮರುದಿನ ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ಎತ್ತಬಹುದು, ಅಷ್ಟರಲ್ಲಿ ಇಪ್ಪತ್ಮೂರು ಗಂಟೆ ಸಿಗುತ್ತದೆ ಎಂದು ಮುನವ್ವರಾ ಬೀ ತಮ್ಮ ಸಾವನ್ನು ಬೆಳಗಿನಿಂದ ಸಂಜೆಗೆ ಮುಂದಕ್ಕೆ ಹಾಕಿಕೊಂಡಿದ್ದರು. ಒಂದು ನಿಮಿಷ ಹೆಚ್ಚಾದರೂ ಇಲ್ಲ.

ಇನ್ನು ಆರೂವರೆ ಗಂಟೆ ಉಳಿಸಬೇಕು. ಅಷ್ಟರಲ್ಲಿ ಶ್ರೀನಿವಾಸ ಅಂಗಡಿಗೆ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಸಮೇತ ಬಂದ. ಅವನ ಜೀವಮಾನದಲ್ಲಿ ಇಷ್ಟು ಜನ ಗಿರಾಕಿಗಳು ಒಟ್ಟಿಗೆ ಅವನ ಮಾತು ಕೇಳಿರಲಿಲ್ಲ. ಆಕ್ಲೆಂ‍ಡಿನ ಕಾಯುವಿಕೆ ಮೂರರಿಂದ ಒಂದೂವರೆಗೆ ಬಂತು. ಸಿಂಗಪುರದ್ದು ನಾಲ್ಕರಿಂದ ಎರಡಕ್ಕೆ ಇಳಿಯಿತು. ಅಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ನೂರೀನ್ ಓಡಬೇಕಾಗುತ್ತದೆ ಎಂದ. ಕಾಲೇಜಿನಲ್ಲಿ ಖೊಖೋ ಆಡಿದವಳು, ಓಡುತ್ತಾಳೆ ಎಂದು ನಿಖಾತಳ ಅತ್ತೆ ಭರವಸೆ ಕೊಟ್ಟರು. ನೂರೀನ್ ಎರಡನೆಯ ಸುತ್ತಿನ ಚಾ ತಂದಳು.

ಇಪ್ಪತ್ತಾರಕ್ಕೆ ಬಂದು ಎಲ್ಲ ನಿಂತಿತು. ಶ್ರೀನಿವಾಸ ಎಷ್ಟು ಕುಟ್ಟಿದರೂ ಆಕಾಶದಲ್ಲಿ ಇನ್ನು ಉಳಿಸುವುದಕ್ಕೆ ಏನೂ ಇರಲಿಲ್ಲ. ಸಮುದ್ರ ದಾಟಿಯಾಗಿತ್ತು, ದೇಶ ದೇಶ ದಾಟಿಯಾಗಿತ್ತು. ಬೇಕಾದ ಮೂರು ಗಂಟೆ ಸಿಕ್ಕಿಹಾಕಿಕೊಂಡಿದ್ದು ದೇವನಹಳ್ಳಿಗೂ ರಾಮನಗರಕ್ಕೂ ನಡುವೆ. ಹೆಬ್ಬಾಳದ ಜಾಮಿನಲ್ಲಿ ಮಾಡುವುದಾದರೂ ಏನು ಎಂದು ಹನ್ನೆರಡು ಜನ ಹನ್ನೆರಡು ಅಡ್ಡದಾರಿ ಹೇಳಿದರು. ಎಲ್ಲವೂ ಕೊನೆಗೆ ಹೆಬ್ಬಾಳಕ್ಕೇ ಬಂದು ಸೇರುತ್ತಿದ್ದವು.

ಆಗ ಕರೀಮನ ಬಾಯಿಂದ, ಮೂವತ್ತು ವರ್ಷ ಯಾರಿಗೂ ಎದುರಾಡದೆ ಒಳಗೇ ಉಳಿದಿದ್ದ ಬುದ್ಧಿಯೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು.

“ಅಮ್ಮೀ, ದೇವನಹಳ್ಳೀಲೂ ಖಬರಸ್ತಾನ ಐತಲ್ಲ.”

ಲೆಕ್ಕ ಸರಿಯಾಗಿತ್ತು. ಇಪ್ಪತ್ತಾರರಲ್ಲಿ ಮೂರು ಹೋದರೆ ಇಪ್ಪತ್ಮೂರು. ಶ್ರೀನಿವಾಸ ಮೆಚ್ಚಿ ತಲೆಯಾಡಿಸಲು ಹೋಗಿ, ಉಳಿದವರ ಮುಖ ನೋಡಿ ನಿಲ್ಲಿಸಿದ. ಮುನವ್ವರಾ ಬೀ ಮಗನನ್ನು ನೋಡಲಿಲ್ಲ. ಗಂಡನ ಪಕ್ಕದಲ್ಲಿ ತಮಗೆ ಜಾಗ ಹೇಳಿಟ್ಟಿದ್ದರು. ಹದಿನೆಂಟು ವರ್ಷದಿಂದ ಆ ಜಾಗಕ್ಕೆ ಬೇಲಿ ಮುಳ್ಳು ಬದಲಾಯಿಸಿಕೊಂಡು ಬಂದವನು ಕರೀಮನೇ. ಅವರು ತಸ್ಬಿಯನ್ನು ಮಡಚಿ ಕೈಚೀಲದಲ್ಲಿಟ್ಟು, ನೂರೀನಳ ಮೊಬೈಲು ತೆಗೆದುಕೊಂಡು, ಚನ್ನಪಟ್ಟಣದ ಜೈತೂನ್ ಬೀಗೆ ಫೋನು ಹಚ್ಚಿಕೊಡು ಎಂದರು. ಜೈತೂನ್ ಬೀ ಮುಷರಫನ ತಾಯಿ, ಅದ್ನಾನನ ಅಜ್ಜಿ. ಫೋನು ಹಿಡಿದು ಒಳಗೆ ಹೋಗಿ ಕದ ಹಾಕಿಕೊಂಡರು.

ನಿಖಾತ್ ಕದಕ್ಕೆ ಕಿವಿ ಕೊಟ್ಟು, ಒಳಗಿನಿಂದ ಮೂವತ್ತು, ಮಣ್ಣು, ಸುಳ್ಳು ಎಂಬ ಮೂರು ಮಾತು ಮಾತ್ರ ಕೇಳಿಸುತ್ತಿದೆ ಎಂದು ಸಭೆಗೆ ವರದಿ ಮಾಡಿದಳು. ಇಷ್ಟು ಸಾಕಾಗಿತ್ತು. ಮದುವೆ ಮುರಿಯಿತು ಎಂದು ಎಲ್ಲರೂ ಒಪ್ಪಿದರು. ಒಬ್ಬೊಬ್ಬರಾಗಿ ಕರೀಮನ ಭುಜ ತಟ್ಟಿ, ದೇವನಹಳ್ಳಿಯ ಮಾತು ಆಡಬಾರದಿತ್ತು ಎಂದು ಬುದ್ಧಿ ಹೇಳಿದರು, ಆದರೆ ಮನೆಗೆ ಯಾರೂ ಹೋಗಲಿಲ್ಲ. ಚನ್ನಯ್ಯನೂ ತನಗೆ ಬಸ್ಸು ಹೋಯಿತು ಎಂದು ಅಲ್ಲೇ ಊಟ ಮಾಡಿದ. ಬಸ್ಸು ಅರ್ಧ ಗಂಟೆಗೊಂದಿತ್ತು.

ಸಂಜೆ ಐದಕ್ಕೆ ಚನ್ನಪಟ್ಟಣದವರ ವ್ಯಾನು ಬಂದು ನಿಂತಿತು. ಬೈಯುವುದಕ್ಕೆ ಇಷ್ಟು ದೂರ ಬಂದರಲ್ಲ ಎಂದುಕೊಂಡು ಕರೀಂ ಬಾಗಿಲಿಗೆ ಹೋದ. ವ್ಯಾನಿನಿಂದ ಮೊದಲು ಇಳಿದದ್ದು ಮಿಠಾಯಿ ಬುಟ್ಟಿ. ಆಮೇಲೆ ಮುಷರಫ್. ಆಮೇಲೆ ಇಬ್ಬರು ಹಿಡಿದು ಇಳಿಸಿದ ಜೈತೂನ್ ಬೀ. ಅವರು ನೆಟ್ಟಗೆ ನಡೆದು ಬಂದು ಮುನವ್ವರಾ ಬೀಯನ್ನು ತಬ್ಬಿಕೊಂಡು, ನೀವು ನನ್ನ ಕಣ್ಣು ತೆರೆಸಿದಿರಿ ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ನಡೆದದ್ದನ್ನು ಮುಷರಫ್ ನಾಚಿಕೊಂಡು ಹೇಳಿದ. ಮಗನನ್ನು ಕಳಿಸುವಾಗ ತಾಯಿ ಎಷ್ಟು ದೂರ ಎಂದು ಕೇಳಿದ್ದಕ್ಕೆ, ದುಬೈಗಿಂತ ಒಂದಿಷ್ಟು ಮುಂದೆ, ಎಂಟು ಗಂಟೆ ಎಂದು ಅವನು ಸುಮ್ಮನೆ ಒಂದು ಹೇಳಿದ್ದ. ಮೂರು ವರ್ಷ ಅವರು ಅದನ್ನೇ ನಂಬಿಕೊಂಡಿದ್ದರು. ಈವತ್ತು ಮಧ್ಯಾಹ್ನ ಮುನವ್ವರಾ ಬೀ ಫೋನು ಮಾಡಿ, ನಿಮ್ಮ ಮೊಮ್ಮಗ ಬರುವುದಕ್ಕೆ ಮೂವತ್ತು ಗಂಟೆ, ನಿಮಗೆ ಹೆಗಲು ಕೊಡುವುದಕ್ಕೂ ಇಲ್ಲ, ಮೂರು ಹಿಡಿ ಮಣ್ಣು ಹಾಕುವುದಕ್ಕೂ ಇಲ್ಲ ಎಂದು ಹೇಳಿದ್ದೇ ತಡ, ಜೈತೂನ್ ಬೀ ಊಟ ಬಿಟ್ಟರು. ಅದ್ನಾನನಿಗೆ ಫೋನು ಹೋಯಿತು.

“ಅವನೇನ್ ಬೇಡ ಅನ್ಲಿಲ್ಲ ಕರೀಂ ಭಾಯ್. ಅಲ್ಲಿ ಮಾತಾಡೋಕೆ ಒಂದ್ ನರಪಿಳ್ಳೆ ಇಲ್ವಂತೆ. ಮೂರ್ ವರ್ಷದಿಂದ ಬರೀ ಕುರಿ ಮುಖ ನೋಡ್ತಾವ್ನೆ. ಯಾರಾದ್ರೂ ಬಾ ಅಂತ ಕರೀಲಿ ಅಂತ್ಲೇ ಕಾಯ್ತಿದ್ನಂತೆ. ಮುಂದಿನ್ ತಿಂಗಳು ಕೆಲ್ಸ ಬುಟ್ಟು ಬತ್ತಾನೆ. ನಮ್ಮ ಬೊಂಬೆ ಕೆಲ್ಸಾನೇ ನೋಡ್ಕೊಂಡು ಚನ್ನಪಟ್ನದಲ್ಲೇ ಇರ್ತಾನೆ.”

ಶ್ರೀನಿವಾಸ ಮೂಗು ಹಿಡಿದುಕೊಂಡು, ಚನ್ನಪಟ್ಟಣದಿಂದ ರಾಮನಗರಕ್ಕೆ ದೂರ ಹನ್ನೆರಡು ಕಿಲೋಮೀಟರು, ಪ್ರಯಾಣದ ಅವಧಿ ಇಪ್ಪತ್ತೈದು ನಿಮಿಷ ಎಂದು ಅನೌನ್ಸ್ ಮಾಡಿದ. ಮುನವ್ವರಾ ಬೀ ಬೆರಳು ಮಡಿಸಲೂ ಇಲ್ಲ. ಎಷ್ಟು ಹೊತ್ತಿಗೆ ಸತ್ತರೂ ಆಗುತ್ತದೆ ಎಂದು ಮನಸ್ಸು ತುಂಬಿ ಹೇಳಿ, ಜೈತೂನ್ ಬೀಯ ಬಾಯಿಗೆ ಮಿಠಾಯಿ ಇಟ್ಟರು. ಮಗನನ್ನೂ ಹತ್ತಿರ ಕರೆದು, ಮಧ್ಯಾಹ್ನದಿಂದ ಮೊದಲ ಸಲ ಅವನ ಮುಖ ನೋಡಿ, ಅವನ ಬಾಯಿಗೂ ಒಂದು ಇಟ್ಟರು. ಅಕ್ಕಪಕ್ಕದವರು ತಮ್ಮ ತಮ್ಮ ಬಾಯಿಗೆ ತಾವೇ ಇಟ್ಟುಕೊಂಡರು. ಮುಂದಿನ ತಿಂಗಳ ಯಾವ ವಾರ ನಿಕಾಹ್ ಎಂಬಲ್ಲಿಗೆ ಮಾತು ಹೋಯಿತು. ದಿನವಿಡೀ ಜನರಿಂದ ಬೈಸಿಕೊಂಡ ಕರೀಮನಿಗೆ, ತಾನು ಅಷ್ಟೇನೂ ದಡ್ಡನಲ್ಲವೇನೋ ಎಂಬ ಸಂಶಯ ಬಂತು.

ಚಾ ತರಿಸೋಣವೆಂದು ಅವನು ಅಡುಗೆಮನೆಗೆ ಹೋದ. ನೂರೀನ್ ಒಲೆಯ ಮುಂದೆ ನಿಂತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಆ ಮನೆಯಲ್ಲಿ ಕೇಳಿಸದಿರುವ ಜಾಗವೇ ಇರಲಿಲ್ಲ. ಎಲ್ಲ ಸರಿಹೋಯಿತು ನೋಡು ಎಂದ ಕರೀಂ. ಅವಳು ಒಲೆ ಆರಿಸಿದಳು.

“ಅಬ್ಬಾಜಾನ್, ನಂಗೆ ಈ ಮದುವೆ ಬೇಡ.”

ಹುಡುಗ ಅವನೇ, ಮನೆತನ ಅದೇ, ಹೂಂ ಎಂದವಳೂ ನೀನೇ ಎಂದು ಕರೀಂ ತೊದಲಿದ. ಅಲ್ಲಿಯ ಕೆಲಸ ಬಿಟ್ಟು ಬರುತ್ತಿದ್ದಾನೆ ಎಂದು ಬೇಜಾರೇ ಎಂದು ಕೇಳಿದ. ಅವಳು ಅಲ್ಲವೆಂದು ತಲೆಯಾಡಿಸಿದಳು.

“ಬೆಳಿಗ್ಗೆಯಿಂದ ಹದಿನೇಳು ಜನ ಕೂತು ನಾನು ಎಷ್ಟು ಗಂಟೇಲಿ ವಾಪಸ್ ಬರ್ತೀನಿ ಅಂತ ಲೆಕ್ಕ ಹಾಕಿದ್ರಿ. ನಾನ್ಯಾಕೆ ಅಷ್ಟು ದೂರ ಹೋಗ್ತೀನಿ ಅಂದೆ ಅಂತ ಒಬ್ಬರಾದ್ರೂ ಕೇಳಿದ್ರಾ?”

ಕರೀಂ ಕೇಳಿರಲಿಲ್ಲ. ಈಗ ಕೇಳಿದ.

“ಫೋನಲ್ಲಿ ಅವನು ಅಳ್ತಾ ಇದ್ದ ಅಬ್ಬಾ. ಇಲ್ಲಿ ಪಕ್ಕದ ಮನೆ ಅಂದ್ರೆ ನಾಲ್ಕು ಕಿಲೋಮೀಟರು, ವಾರಗಟ್ಟಲೆ ಯಾರೂ ಬಾಗಿಲು ತಟ್ಟಲ್ಲ ಅಂತ. ಅದನ್ನ ಕೇಳಿದ್ಮೇಲೇ ನಾನು ಹೂಂ ಅಂದಿದ್ದು.”

ಹಿಂದಿನಿಂದ ಏನೋ ಸದ್ದಾಯಿತೆಂದು ಕರೀಂ ತಿರುಗಿದರೆ, ಅಡುಗೆಮನೆಯ ಬಾಗಿಲಲ್ಲಿ ನಿಖಾತ್, ಅವಳ ಅತ್ತೆ, ಚನ್ನಯ್ಯ, ಶ್ರೀನಿವಾಸ ಮಿಠಾಯಿ ತುಂಬಿದ ಬಾಯಿಯಲ್ಲಿ ನಿಂತಿದ್ದರು. ಅವರ ಹಿಂದೆ ಎದುರು ಮನೆಯವರು ತುದಿಗಾಲಿನಲ್ಲಿ ನಿಂತಿದ್ದರು. ಏನಂತೆ ಎಂದು ಎಲ್ಲರ ಪರವಾಗಿ ಚನ್ನಯ್ಯ ಕೇಳಿದ.

“ಏನಿಲ್ಲ,” ಎಂದ ಕರೀಂ. “ಚಾಗೆ ಒಸಿ ಸಕ್ಕರೆ ಸಾಲದಂತೆ.”

ಗುಂಪು ಚದುರಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಎದುರು ಮನೆಯಿಂದ ಒಂದು, ಹಿಂದಿನ ಬೀದಿಯಿಂದ ಒಂದು, ನಿಖಾತಳ ಅಡುಗೆಮನೆಯಿಂದ ಕಿಟಕಿಯ ಸರಳಿನ ಮೂಲಕ ಕೈಯಿಂದ ಕೈಗೆ ಒಂದು, ಮೂರು ಡಬ್ಬಿ ಸಕ್ಕರೆ ಬಂದು ಒಲೆಯ ಪಕ್ಕ ಕೂತವು. ನೂರೀನ್ ಅವನ್ನು ಸಾಲಾಗಿ ಜೋಡಿಸಿಟ್ಟು ಅಪ್ಪನ ಮುಖ ನೋಡಿದಳು.